ಬತೂಲ್ ಒಪ್ಪುವುದಿಲ್ಲವಂತೆ

ಮೂರನೆಯ ಕ್ರೇಟು ಅರ್ಧಕ್ಕೆ ಇಳಿದಿತ್ತು. ಬತೂಲ್ ಎಡಗೈಯಲ್ಲಿ ಬೂತಾಯಿ ಮೀನನ್ನು ಎತ್ತಿ, ಬಲಗೈಯ ಕತ್ತರಿಯಿಂದ ಅದರ ತಲೆ ತೆಗೆದು, ಅದೇ ಎಳೆತಕ್ಕೆ ಕರುಳನ್ನೂ ತೊಟ್ಟಿಗೆ ಬಿಟ್ಟು, ಬಾಲ ಕತ್ತರಿಸಿ, ಹೊಟ್ಟೆ ಮೇಲಾಗುವಂತೆ ಡಬ್ಬಿಯಲ್ಲಿ ಮಲಗಿಸುತ್ತಿದ್ದಳು. ಒಂದರ ಕತ್ತಿನ ಪಕ್ಕ ಇನ್ನೊಂದರ ಬಾಲ. ಡಬ್ಬಿಗೆ ಐದು. ಆಸ್ಫಿ ಬಂದರಿನ ಈ ಕಾರ್ಖಾನೆಗೆ ಅವಳು ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಕೈಗಳು ಈಗ ಅವಳ ಅಪ್ಪಣೆಗೆ ಕಾಯುತ್ತಿರಲಿಲ್ಲ. ಅವು ತಮ್ಮ ಪಾಡಿಗೆ ತಾವು ದುಡಿಯುತ್ತಿದ್ದವು. ಅವಳು ಅವುಗಳ ಹಿಂದೆ ನಿಂತು ಮೈಭಾರವನ್ನು ಒಂದು ಮಂಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಳು.

ಉದ್ದನೆಯ ಸ್ಟೀಲ್ ಮೇಜಿನ ಎರಡೂ ಕಡೆ ಬಿಳಿ ಕೋಟು, ಬಿಳಿ ಟೋಪಿ, ರಬ್ಬರ್ ಬೂಟಿನ ಹದಿನಾರು ಹೆಂಗಸರು. ಬೆಳಿಗ್ಗೆಯಿಂದ ಅವರ ಬಾಯಿಗಳೂ ಕತ್ತರಿಗಳ ಜೊತೆಗೇ ನಡೆದಿದ್ದವು. ಭಾನುವಾರ ಊರಿನ ಫುಟ್‌ಬಾಲ್ ತಂಡ ನಜ್ಮ್ ತನ್ನದೇ ಮೈದಾನದಲ್ಲಿ ಸೋತಿತ್ತು, ಸಾಲಾಗಿ ಏಳನೆಯ ಸಲ. ನಿನ್ನೆ, ಸೋಮವಾರ, ಕೋಚ್ ಊರು ಬಿಟ್ಟಿದ್ದ. ಇನ್ನು ಉಳಿದದ್ದು ಆರು ಪಂದ್ಯ. ಅಷ್ಟರಲ್ಲಿ ಚೇತರಿಸಿಕೊಳ್ಳದಿದ್ದರೆ ನಜ್ಮ್ ಎರಡನೆಯ ದರ್ಜೆಯಿಂದ ಮೂರನೆಯದಕ್ಕೆ ಇಳಿಯುತ್ತದೆ. ಬಂದರಿನ ದೋಣಿಯವರೂ ಮೀನು ಹೆಂಗಸರೂ ಸೇರಿ ಕಟ್ಟಿದ ಕ್ಲಬ್ಬು ಹುಲ್ಲಿಲ್ಲದ ಮೈದಾನಗಳಲ್ಲಿ ಧೂಳು ಕುಡಿಯಬೇಕಾಗುತ್ತದೆ.

"ತಲೆನೋವಿನ ಮಾತ್ರೆ ತರ್ತೀನಿ ಅಂತ ಹೋದೋನು ಸೂಟ್‌ಕೇಸ್ ಯಾಕೆ ತಗೊಂಡ್ ಹೋದ ಅಂತ ಹೋಟೆಲ್‌ನವರಿಗೂ ಹೊಳೀಲಿಲ್ವೇನೇ?" ಎಂದಳು ಇಝ್ಝಾ. ಬತೂಲಳ ಎದುರಿಗೇ ನಿಲ್ಲುವವಳು, ಬಾಯಿಗೂ ಕತ್ತರಿಗೂ ಒಂದೇ ಹರಿತ.

"ದೊಡ್ಡ ತಲೆನೋವೇ ಇರ್ಬೇಕು ಬಿಡು. ನಮ್ಮ ಹುಡುಗರ ಆಟ ನೋಡಿದ್ರೆ ನಂಗೂ ಒಂದು ಸೂಟ್‌ಕೇಸ್ ಬೇಕು ಅನ್ಸುತ್ತೆ" ಎಂದಳು ಇನ್ನೊಬ್ಬಳು.

"ಅದಕ್ಕೇ ಹೇಳ್ತಿರೋದು, ಈ ಸಲ ಆ ಪೋರ್ಚುಗೀಸನ್ನ ಕರೀಬೇಕು ಅಂತ." ಇದು ಸುಕೈನಾ. ಇಪ್ಪತ್ತಮೂರು ವರ್ಷ, ಮೇಜಿನ ಕೊನೆಯಲ್ಲಿ ಜಾಗ. ಯಾವ ಆಟಗಾರ ಎಷ್ಟು ಓಡಿದ, ಎಷ್ಟು ಸಲ ಚೆಂಡು ಕಳೆದುಕೊಂಡ ಎಂಬುದೆಲ್ಲ ಅವಳ ಬಾಯಲ್ಲಿ ಇರುತ್ತಿತ್ತು. "ಅವನು ಎದುರಾಳಿಗಳ ಆಟಾನ ವಿಡಿಯೋದಲ್ಲಿ ತುಂಡು ತುಂಡು ಮಾಡಿ ನೋಡ್ತಾನೆ. ಹೋದ ವರ್ಷ ಕೊನೇಲಿದ್ದ ತಂಡಾನ ಮೇಲಕ್ಕೆತ್ತಿದಾನೆ."

"ಪರದೇಶದೋನನ್ನ ನೋಡಾಯ್ತು ತಾಯಿ. ಮೊದ್ಲು ಬಂದಿದ್ನಲ್ಲ, ನಮ್ಮ ಹುಡುಗರ ಸೊಂಟಕ್ಕೆ ರಬ್ಬರ್ ಪಟ್ಟಿ ಕಟ್ಟಿ, ಎಣ್ಣೆ ಗಾಣದ ಕತ್ತೆ ಥರ ಸುತ್ತು ಹಾಕಿಸಿದ್ದ. ಪಂದ್ಯದ ದಿನ ಪಟ್ಟಿ ಬಿಚ್ಚಿದ್ರೂ ಹಿಂದಿನಿಂದ ಯಾರೋ ಎಳೀತಿದಾರೆ ಅನ್ನೋ ಹಂಗೇ ಓಡಿದ್ರು."

"ಹಂಗಾದ್ರೆ ಹಳೇ ಕೋಚ್ ಬೂಶ್ತಾನ್ನ ಕರೀರಿ. ಮುದುಕ ಐದು ಸಲ ಬಂದು ಬೆಂಕಿ ಆರಿಸಿದಾನೆ."

"ಬೂಶ್ತಾ ಬಂದ್ರೆ ಹನ್ನೊಂದು ಜನಾನೂ ನಮ್ಮ ಗೋಲ್ ಮುಂದೇನೇ ನಿಲ್ಲಿಸ್ತಾನೆ. ಗೋಲ್ ಕೀಪರ್‌ಗೆ ಚೆಂಡೇ ಕಾಣಲ್ಲ, ನಮ್ಮೋರ ಬೆನ್ನೇ ಕಾಣೋದು!"

ಎಲ್ಲರೂ ನಕ್ಕರು. ಆದರೆ ಅದು ಸುಸ್ತಾದ ನಗು. ಏಳು ಸೋಲುಗಳ ನಂತರ ನಗುವಿಗೂ ಉಸಿರು ಸಾಲುತ್ತಿರಲಿಲ್ಲ.

ನಗು ಮುಗಿದ ಮೇಲೆ ಹಾಜ್ಜಾ ಯಮ್ನಾ ಬಾಯಿ ತೆರೆದಳು. ಅರವತ್ತರ ಹೆಂಗಸು; ನಲವತ್ತು ವರ್ಷ ಸ್ಟೇಡಿಯಮ್ಮಿನ ಹೆಂಗಸರ ಮೂಲೆಯಲ್ಲಿ ಕೂಗಿ ಕೂಗಿ ಗಂಟಲು ಒಡೆದುಕೊಂಡವಳು. ಅವಳು ಗೊಗ್ಗರು ದನಿಯಲ್ಲಿ ಮಾತಾಡಿದರೆ ಮೇಜಿನ ಆ ತುದಿಯವರೆಗೂ ಕತ್ತರಿಗಳು ನಿಧಾನವಾಗುತ್ತಿದ್ದವು.

"ಹೊರಗಿನೋರಿಗೆ ನಜ್ಮ್ ಅಂದ್ರೆ ಒಂದು ಹೋಟೆಲ್ ರೂಮು. ನಮಗೆ ಬೇಕಾಗಿರೋದು ಮನೆ ಮಗ. ಮೀಲೂದ್ ಬರ್ಬೇಕು. ಬೇರೆ ಮಾತೇ ಇಲ್ಲ."

ಮೀಲೂದನ ಹೆಸರು ಬಂದೊಡನೆ ಕೆಲವರ ಕಣ್ಣು ಬತೂಲಳ ಕಡೆ ಓಡಿ, ತಟಕ್ಕನೆ ಮೀನಿಗೆ ಮರಳಿತು. ಹದಿನೆಂಟು ವರ್ಷದಿಂದ ಇದೊಂದು ಮರ್ಯಾದೆ ನಡೆದುಬಂದಿತ್ತು. ಅವನ ಮಾತು ಬಂದಾಗ ಅವಳು ಅಲ್ಲಿಲ್ಲವೆಂಬಂತೆ ನಡೆದುಕೊಳ್ಳುವುದು. ಬತೂಲಳೂ ಅಲ್ಲಿಲ್ಲದವಳಂತೆ ಡಬ್ಬಿ ತುಂಬುತ್ತಿದ್ದಳು.

ಮೀಲೂದ್ ಒಂದು ಕಾಲಕ್ಕೆ ನಜ್ಮ್‌ನ ಎಡಗಡೆಯ ಆಟಗಾರ. ಅವನ ಎಡಗಾಲಿನಿಂದ ಹೊರಟ ಚೆಂಡು ಗಾಳಿಯಲ್ಲಿ ತಿರುಗಿ ಒಳಗೆ ಬರುತ್ತಿದ್ದ ರೀತಿಯನ್ನು ಈಗಲೂ ಚಹಾದಂಗಡಿಗಳಲ್ಲಿ ಕೈಯಿಂದ ತೋರಿಸುವವರಿದ್ದರು. ಏಳು ವರ್ಷ ಅವನು ಬತೂಲಳ ಗಂಡನೂ ಆಗಿದ್ದ. ಆಮೇಲೆ ಒಮಾನಿಗೆ ಹೋದ, ಅಲ್ಲಿ ಆಡಿದ, ಕಾಲು ಸೋತ ಮೇಲೆ ಅಲ್ಲಿಯೇ ಕೋಚ್ ಆದ. ಹೋಗಿ ವರ್ಷ ತುಂಬುವ ಮೊದಲೇ ಬಿಡುಗಡೆಯ ಕಾಗದ ಕಳಿಸಿ, ಬೇರೆ ಮದುವೆಯಾದ.

ಅದನ್ನೆಲ್ಲ ಬತೂಲ್ ಎಂದೋ ಬದಿಗಿಟ್ಟಿದ್ದಳು. ಗಂಡಸರು ಹೋಗುತ್ತಾರೆ, ಬಂದರಿನ ಊರಿನಲ್ಲಿ ಹೋಗುವವರನ್ನು ನೋಡುತ್ತಲೇ ಹೆಣ್ಣುಮಕ್ಕಳು ದೊಡ್ಡವರಾಗುತ್ತಾರೆ. ಅವಳಿಗೆ ನುಂಗಲಾಗದೆ ಉಳಿದದ್ದು ಬೇರೆ. ಮೀಲೂದನಿಗೆ 'ಇಲ್ಲ' ಎನ್ನುವ ಬಾಯಿ ಇರಲಿಲ್ಲ. ಯಾರಿಗೂ ಕೆಟ್ಟವನಾಗುವುದು ಅವನಿಂದ ಆಗುತ್ತಿರಲಿಲ್ಲ. ಆದ್ದರಿಂದ ಅವನ 'ಇಲ್ಲ'ಗಳನ್ನೆಲ್ಲ ಅವನು ಅವಳ ಹೆಸರಿನಲ್ಲಿ ಹೇಳುತ್ತಿದ್ದ. ಗೆಳೆಯನ ಮನೆ ಸಾಮಾನು ಹೊರಲು ಹೋಗುವುದು ಬೇಡವಾದರೆ, ಬತೂಲಳಿಗೆ ಮೈ ಸರಿಯಿಲ್ಲ. ಅತ್ತೆ ಹಾಸಿಗೆ ಹಿಡಿದಾಗ ಅಣ್ಣ ಬಂದು, ಅಮ್ಮನನ್ನು ನಿನ್ನ ಮನೆಯಲ್ಲಿ ಆರು ತಿಂಗಳು ಇಟ್ಟುಕೋ ಎಂದರೆ, "ನಂಗೇನೋ ಇಷ್ಟಾನೇ ಅಣ್ಣ, ಆದ್ರೆ ಬತೂಲ್ ಒಪ್ಪೋದಿಲ್ಲವಲ್ಲ. ಏನ್ ಮಾಡ್ಲಿ ಹೇಳು." ಆ ವಾರ ಬತೂಲ್ ಕಿಟಕಿಯ ಪಕ್ಕ ಅತ್ತೆಗೆಂದು ಮಂಚ ಹಾಕಿ, ಹೊಸ ದಿಂಬಿನ ಚೀಲ ಹೊಲಿದಿದ್ದಳು. ಅತ್ತೆ ಬರಲಿಲ್ಲ. ನೋಡಲು ಹೋದಾಗ ಮುದುಕಿ ಗೋಡೆಗೆ ಮುಖ ತಿರುಗಿಸಿಕೊಂಡಳು. ಯಾಕೆಂದು ಬತೂಲಳಿಗೆ ತಿಳಿದದ್ದು ಅವಳನ್ನು ಮಣ್ಣು ಮಾಡಿದ ಮೇಲೆ.

ಮಕ್ಕಳಾಗದ್ದೂ ಬತೂಲಳಿಂದಲೇ ಎಂದಾಗಿತ್ತು. ಒಮಾನಿನ ಹೆಂಡತಿಗೂ ಮಕ್ಕಳಾಗಲಿಲ್ಲ ಎಂಬ ಸುದ್ದಿ ಬಂದಾಗ ಯಾರೂ ಅವಳ ಬಾಗಿಲಿಗೆ ಬಂದು ತಪ್ಪಾಯಿತು ಅನ್ನಲಿಲ್ಲ.

ಕೊನೆಗೆ ಹೊರಡುವಾಗ ಕ್ಲಬ್ಬಿನ ಜನರೆದುರು ಅವನು ಅತ್ತುಬಿಟ್ಟನಂತೆ. "ನಂಗೆ ನಜ್ಮ್ ಬಿಟ್ಟು ಹೋಗೋ ಮನಸ್ಸಿಲ್ಲ. ಬತೂಲ್‌ಗೆ ಸ್ವಂತ ಮನೆ ಬೇಕಂತೆ." ಆ ಋತುವಿನಲ್ಲಿ ನಜ್ಮ್ ಸಾಲಾಗಿ ಸೋತಿತು. ತರಕಾರಿಯವನೊಬ್ಬ ಮೂರು ತಿಂಗಳು ಬತೂಲಳಿಗೆ ಟೊಮ್ಯಾಟೊ ಮಾರಲಿಲ್ಲ. "ನಮ್ಮ ಎಡಗಾಲು ಮಾರ್ಕೊಂಡೋಳಿಗೆ ಟೊಮ್ಯಾಟೊ ಯಾಕೆ" ಎಂದಿದ್ದ. ಸ್ಟೇಡಿಯಮ್ಮಿಗೆ ಹೋದರೆ ಹಿಂದಿನ ಸಾಲಿನಿಂದ ಶಿಳ್ಳೆ. ದೋಣಿ ನಡೆಸುತ್ತಿದ್ದ ಅವಳ ಅಪ್ಪ ನಜ್ಮ್ ಕಟ್ಟಿದವರಲ್ಲಿ ಒಬ್ಬ. ನಡೆಯಲು ಕಲಿಯುವ ಮುಂಚೆಯೇ ಅವಳು ಅಪ್ಪನ ಹೆಗಲ ಮೇಲೆ ಪಂದ್ಯ ನೋಡಿದ್ದಳು. ಆ ವರ್ಷದಿಂದ ಅವಳು ಮನೆಯಲ್ಲಿ ರೇಡಿಯೊ ಹಚ್ಚಿಕೊಂಡು ಕೂರುತ್ತಾಳೆ. ಗೋಲು ಬಿದ್ದಾಗ ಸ್ಟೇಡಿಯಮ್ಮಿನ ಸದ್ದು ರೇಡಿಯೊದಲ್ಲಿ ಒಮ್ಮೆ, ಕಿಟಕಿಯಿಂದ ಒಮ್ಮೆ ಬರುತ್ತದೆ.

"ಮೀಲೂದ್ ಬರ್ತಾನೋ ಇಲ್ವೋ, ಅದನ್ನ ಕೇಳಿದೀರಾ ಯಾರಾದ್ರೂ?" ಇಝ್ಝಾ ಕೇಳಿದಳು.

"ಅಭಿಮಾನಿ ಸಂಘದೋರು ನಿನ್ನೆ ಫೋನ್ ಮಾಡಿದ್ರು. ರಾತ್ರಿ ಉತ್ತರ ಕಳಿಸಿದಾನೆ" ಎಂದಳು ಹಾಜ್ಜಾ. "ಸುಕೈನಾ, ಹಾಕೇ ಅದನ್ನ."

ಕೆಲಸದ ಜಾಗದಲ್ಲಿ ಫೋನು ತರುವಂತಿರಲಿಲ್ಲ. ಸುಕೈನಾ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೂಟಿನೊಳಗೆ ಇಟ್ಟುಕೊಂಡಿದ್ದ ಫೋನನ್ನು ತೆಗೆದು, ಮೇಸ್ತ್ರಿಯಮ್ಮ ಹಬೆಯ ಒಲೆಯ ಕಡೆ ತಿರುಗಿದ್ದನ್ನು ನೋಡಿಕೊಂಡು, ಮೇಜಿನ ಮೇಲಿಟ್ಟಳು. ಅವಳಿಗೆ ಅದನ್ನು ಹಾಕಲು ಇಷ್ಟವಿದ್ದಂತಿರಲಿಲ್ಲ. ಬತೂಲಳ ಮುಖವನ್ನು ಒಮ್ಮೆ ನೋಡಿ ಗುಂಡಿ ಒತ್ತಿದಳು.

"ನನ್ನ ಊರಿನ ಜನರೇ, ನಜ್ಮ್ ನನ್ನ ತಾಯಿ. ತಾಯಿ ಕರೆದ್ರೆ ಮಗ ಬರದೇ ಇರ್ತಾನಾ? ಆದ್ರೆ ನನ್ನ ಕುತ್ತಿಗೆ ಮೇಲೆ ಒಂದು ಭಾರ ಇದೆ. ಅಲ್ಲಿ ಒಬ್ಬ ಹೆಣ್ಣುಮಗಳು ನನ್ನಿಂದ ನೊಂದುಕೊಂಡು ಕೂತಿದಾಳೆ. ಅವಳ ಬಾಯಿಂದ ಕ್ಷಮೆಯ ಮಾತು ಕೇಳೋವರೆಗೂ ಆಸ್ಫಿಯ ಮಣ್ಣಿಗೆ ಕಾಲಿಡೋದಿಲ್ಲ ಅಂತ ದೇವರಿಗೆ ಮಾತು ಕೊಟ್ಟಿದೀನಿ. ಬತೂಲ್ 'ಕ್ಷಮಿಸಿದೆ' ಅನ್ನಲಿ, ಮಾರನೇ ದಿನ ವಿಮಾನ ಹತ್ತುತೀನಿ. ಅವಳು ಒಪ್ಪದಿದ್ರೆ, ನಾನೇನ್ ಮಾಡ್ಲಿ ಹೇಳಿ."

ಹದಿನೆಂಟು ವರ್ಷ ಕೇಳದಿದ್ದ ದನಿ. ಸ್ವಲ್ಪ ದಪ್ಪವಾಗಿತ್ತು, ಮಾತಿನ ಕೊನೆಗೆ ಆ ಕಡೆಯ ಅರಬರ ಎಳೆತ ಬಂದಿತ್ತು. ಉಳಿದಂತೆ ಅದೇ. ನಾನೇನ್ ಮಾಡ್ಲಿ ಹೇಳಿ. ಬತೂಲಳ ಕೈಗಳು ನಿಲ್ಲಲಿಲ್ಲ. ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ಆಯಾಸ. ಮೂಟೆ ಇಳಿಸಿ ಬೆನ್ನು ಒರಸಿಕೊಳ್ಳುತ್ತಿರುವಾಗ ಅದೇ ಮೂಟೆಯನ್ನು ಯಾರೋ ತಂದು ಮತ್ತೆ ಹೊರಿಸಿದಂತೆ.

ಅವನು ಬರುವುದಿಲ್ಲವೆಂದು ಅವಳಿಗೆ ಮೊದಲ ಸಾಲಿಗೇ ಗೊತ್ತಾಗಿತ್ತು. ಒಮಾನಿನ ತಂಪು ಕೋಣೆ ಬಿಟ್ಟು, ಏಳು ಸಲ ಸೋತ ತಂಡದ ಬೆಂಚಿನಲ್ಲಿ ಕೂತು ಎಂಟನೆಯದನ್ನು ನೋಡಲು ಅವನು ಯಾಕೆ ಬರುತ್ತಾನೆ? ಆದರೆ ಅದನ್ನು ಊರಿಗೆ ಹೇಳಲಾರ. ನಜ್ಮ್ ಕೆಳಗಿಳಿದ ದಿನ ಬಂದರಿನಲ್ಲಿ ಏನು ಮಾತಾಗುತ್ತದೆ ಎಂಬುದು ಅವಳಿಗೆ ಈಗಲೇ ಕೇಳಿಸುತ್ತಿತ್ತು: ಮೀಲೂದ್ ಸಿದ್ಧನಿದ್ದ, ಬತೂಲ್ ಒಪ್ಪಲಿಲ್ಲವಂತೆ.

ಇಝ್ಝಾ ತೋಳಿನಿಂದ ಕಣ್ಣೊರಸಿಕೊಳ್ಳುತ್ತಿದ್ದಳು. "ಎಂಥ ಮನುಷ್ಯ ಕಣೇ. ಇಡೀ ಊರಿನ ಮುಂದೆ ಹೆಂಗಸಿನ ಕ್ಷಮೆ ಕೇಳೋ ಗಂಡಸನ್ನ ನಾನು ಕಂಡಿಲ್ಲ. ನನ್ನ ಗಂಡ ಕಾಲು ತುಳಿದ್ರೂ, ನಿನ್ನ ಕಾಲು ಅಲ್ಯಾಕಿತ್ತು ಅಂತ ಕೇಳ್ತಾನೆ."

ಹಾಜ್ಜಾ ಯಮ್ನಾ ಕತ್ತರಿ ಕೆಳಗಿಟ್ಟಳು. ಕೈಯನ್ನು ಏಪ್ರನ್ನಿಗೆ ಒರಸಿಕೊಂಡು, ಕೋಟಿನ ಮೇಲಿನ ಗುಂಡಿ ಬಿಚ್ಚಿ, ಒಳಗೆ ಕತ್ತಿಗೆ ಸುತ್ತಿಕೊಂಡಿದ್ದ ನಜ್ಮ್‌ನ ಹಸಿರು ನೀಲಿ ಶಾಲನ್ನು ಎಳೆದು ತೆಗೆದಳು. ಸೋಲಲಿ ಗೆಲ್ಲಲಿ, ಪಂದ್ಯದ ಋತು ಮುಗಿಯುವವರೆಗೆ ಅದು ಅವಳ ಮೈ ಬಿಡುತ್ತಿರಲಿಲ್ಲ. ಮೇಜನ್ನು ಸುತ್ತಿ ಬಂದು ಬತೂಲಳ ಎರಡೂ ಹೆಗಲ ಮೇಲೆ ಶಾಲು ಹಾಕಿದಳು.

"ಬತೂಲ್, ಇದು ನನ್ನ ಆರ್, ನಿನ್ನ ಮೇಲೆ. ನನ್ನದು, ನಜ್ಮ್‌ದು, ನಿನ್ನಪ್ಪನ ದೋಣಿದು."

ಕತ್ತರಿಗಳು ಕೆಳಗಿಳಿದವು. ಆರ್ ಎಂದರೆ ಮಾನವನ್ನೇ ಪಣಕ್ಕಿಟ್ಟು ಬೇಡುವುದು. ಆರ್ ಹಾಕಿಸಿಕೊಂಡವರು ಆಗುವುದಿಲ್ಲ ಎನ್ನುವಂತಿಲ್ಲ. ಕೇಳಿದವರು ತಮ್ಮ ಮೈಮೇಲಿನ ಬಟ್ಟೆಯನ್ನೇ ತೆಗೆದು ನಿಮ್ಮ ಮೇಲೆ ಹಾಕಿದ್ದಾರೆ; ಅದನ್ನು ತಳ್ಳಿದರೆ ಅವರ ಮಾನ ಹೋಗುತ್ತದೆ, ಶಾಪ ನಿಮಗೆ ತಗಲುತ್ತದೆ. ಹಾಗೆ ತಳ್ಳಿದವರ ದೋಣಿ ಮುಳುಗಿದ, ಬಸುರು ಇಳಿದ ಕಥೆಗಳನ್ನು ಬತೂಲ್ ಅಜ್ಜಿಯ ತೊಡೆಯ ಮೇಲೆ ಕೇಳಿದ್ದಳು. ಆದರೆ ಆರ್ ಹಾಕುವುದು ಕೇಳಿದ್ದನ್ನು ಕೊಡುವ ಶಕ್ತಿಯಿರುವವರ ಮೇಲೆ. ಇವರು ಬೀಗವಿಲ್ಲದ ಬಾಗಿಲ ಮುಂದೆ ನಿಂತು ಬೀಗದ ಕೈ ಕೇಳುತ್ತಿದ್ದರು.

"ಹಾಜ್ಜಾ, ಅವನು ಬರೋದಿಲ್ಲ" ಎಂದಳು ಬತೂಲ್.

"ನೀನು ಬಿಟ್ರೆ ಬರ್ತಾನೆ."

"ನಾನು ಹಿಡ್ಕೊಂಡೇ ಇಲ್ಲ."

"ಹಂಗಾದ್ರೆ ಬಿಟ್ಟಿದೀನಿ ಅಂತ ಹೇಳು. ಹೇಳೋಕೆ ಏನು ಕಷ್ಟ?"

ನಿಜ, ಹೇಳಲು ಏನು ಕಷ್ಟ? ಅಷ್ಟರಲ್ಲಿ ಮೇಸ್ತ್ರಿಯಮ್ಮ, "ಏನ್ರೇ, ಮೀನು ತಾನೇ ನಡ್ಕೊಂಡು ಡಬ್ಬಿಗೆ ಹೋಗುತ್ತಾ?" ಎಂದು ಕೂಗಿದ್ದರಿಂದ ಕತ್ತರಿಗಳು ಮತ್ತೆ ಎದ್ದವು. ಶಾಲು ಬತೂಲಳ ಹೆಗಲ ಮೇಲೆ ಉಳಿಯಿತು.

ಮಧ್ಯಾಹ್ನ ರೊಟ್ಟಿ ತಿನ್ನಲು ಅಂಗಳಕ್ಕೆ ಬಂದಾಗ ಗೇಟಿನಾಚೆ ಮೂರು ಗಾಲಿಯ ಗಾಡಿಯೊಂದು ನಿಂತಿತ್ತು. ಅದರಲ್ಲಿ ಒಂದು ಟಗರು. ಅದರ ಕತ್ತಿಗೂ ಹಸಿರು ನೀಲಿ ಶಾಲು. ಪಕ್ಕದಲ್ಲಿ ಅಲ್ಲಾಲ್, ಸ್ಟೇಡಿಯಮ್ಮಿನಲ್ಲಿ ದೊಡ್ಡ ನಗಾರಿ ಬಾರಿಸುವವನು, ಬಿಸಿಲಿಗೆ ಟಗರಿಗಿಂತ ಹೆಚ್ಚು ಏದುಸಿರು ಬಿಡುತ್ತಿದ್ದ.

"ಲಲ್ಲಾ ಬತೂಲ್, ತಾಯಿ, ಸಂಘದೋರು ಕಳಿಸಿದಾರೆ. ಸಾಯಂಕಾಲ ನಿಮ್ಮ ಹೊಸಿಲ ಮೇಲೆ ಕೊಯ್ತೀವಿ. ಬರೀ ಶಾಲು ಸಾಕಾಗಲ್ಲ ಅಂದ್ರು, ರಕ್ತಾನೇ ಆಗ್ಬೇಕಂತೆ."

"ನನ್ನ ಮನೆ ಮೂರನೇ ಮಹಡೀಲಿದೆ ಅಲ್ಲಾಲ್."

"ಹೊತ್ಕೊಂಡು ಹತ್ತುತೀವಿ. ಅದೇನು ದೊಡ್ಡ ವಿಷಯಾನಾ? ಕೆಳಗಿನ ಮನೆಯೋರಿಗೆ ಹೇಳಿ ಆಗಿದೆ, ಮೆಟ್ಟಿಲು ತೊಳ್ಕೊಡ್ತೀವಿ ಅಂತ."

ಟಗರು ಬತೂಲಳನ್ನೇ ನೋಡುತ್ತಿತ್ತು. ಅದಕ್ಕೂ ಈ ವಿಷಯದಲ್ಲಿ ಮಾತಿರಲಿಲ್ಲ. ಸಂಜೆಯ ಹೊತ್ತಿಗೆ ತನ್ನ ಮೆಟ್ಟಿಲ ಮೇಲೆ ನೂರು ಜನ, ಹೊಸಿಲ ಮೇಲೆ ರಕ್ತ, ಕೆಳಗೆ ನಗಾರಿ. ಬತೂಲ್ ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. ಅವಳು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಳು.

"ಅದನ್ನ ವಾಪಸ್ ಕರ್ಕೊಂಡ್ ಹೋಗು. ಹೇಳ್ತೀನಿ" ಎಂದಳು. "ಸುಕೈನಾ, ಫೋನ್ ತಗೊಂಡ್ ಬಾ."

ಹೆಂಗಸರು ರೊಟ್ಟಿ ಕೈಯಲ್ಲಿ ಹಿಡಿದೇ ಸುತ್ತ ಸೇರಿದರು. ಸುಕೈನಾ ಫೋನು ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. "ಖಾಲ್ತಿ, ಬೇಡ ಅನ್ಸಿದ್ರೆ..." ಎಂದು ಮೆಲ್ಲಗೆ ಅಂದಳು. ಚಿಕ್ಕಮ್ಮಾ ಎಂಬ ಆ ಕರೆ ಬತೂಲಳಿಗೆ ಹಿತವಾಗಿತ್ತು. ಆದರೂ ಅವಳು, ಒತ್ತು ಎಂದು ಕಣ್ಣಲ್ಲೇ ಸೂಚಿಸಿದಳು.

"ಮೀಲೂದ್, ನಾನು ಬತೂಲ್. ಕ್ಷಮಿಸಿದೀನಿ. ನಿನ್ನ ದಾರೀಲಿ ನಾನಿಲ್ಲ. ಬಾ."

"ಇಷ್ಟೇನಾ?" ಇಝ್ಝಾ ಕೇಳಿದಳು.

"ಇನ್ನೇನು ಬೇಕಿತ್ತು?"

ಯಾರೋ ನಾಲಿಗೆ ಹೊರಳಿಸಿ ಉಲುಲು ಹಾಕಿದರು. ಮದುವೆ ಮನೆಯ ಹಾಗೆ ಅದು ಅಂಗಳದ ಗೋಡೆಗಳಿಗೆ ಬಡಿದು ಮರಳಿತು. ಹಾಜ್ಜಾ ಬತೂಲಳ ಹಣೆಗೆ ಮುತ್ತಿಟ್ಟಳು. ಗೇಟಿನಾಚೆ ಅಲ್ಲಾಲ್ ಗಾಡಿಯ ತಗಡನ್ನೇ ನಗಾರಿ ಮಾಡಿಕೊಂಡ. ಟಗರು ಬೆದರಿ ಒಮ್ಮೆ ಕೂಗಿತು.

ಆಮೇಲಿನ ಮೂರು ದಿನ ಬತೂಲ್ ಊರಿಗೆ ಬೇಕಾದವಳಾದಳು. ಮೇಸ್ತ್ರಿಯಮ್ಮ ಎಲ್ಲಿಂದಲೋ ಎತ್ತರದ ಸ್ಟೂಲೊಂದನ್ನು ತರಿಸಿ, ಕೂತು ಕೆಲಸ ಮಾಡು ಎಂದಳು. ಸಂತೆಯಲ್ಲಿ ತರಕಾರಿಯವನು ಟೊಮ್ಯಾಟೊ ಆರಿಸಿ ಹಾಕಿ, ಮೇಲೆ ಒಂದು ಕಟ್ಟು ಕೊತ್ತಂಬರಿ ಇಟ್ಟ. ಹೋಗುತ್ತಾ ಬರುತ್ತಾ ಗಂಡಸರು ಎದೆಗೆ ಕೈಯಿಟ್ಟು ಸಲಾಂ ಹೇಳಿದರು. ಮೇಜಿನಲ್ಲಿ ಮಾತೆಲ್ಲ ಈಗ ಮೀಲೂದ್ ಬಂದ ಮೇಲಿನದೇ. ಯಾರನ್ನು ಆಡಿಸುತ್ತಾನೆ, ಯಾರನ್ನು ಕೂರಿಸುತ್ತಾನೆ, ಆ ಸೋಮಾರಿ ಗೋಲ್ ಕೀಪರ್‌ಗೆ ಏನು ಮಾಡುತ್ತಾನೆ. ಸುಕೈನಾ ಪೋರ್ಚುಗೀಸನ ಮಾತು ಬಿಟ್ಟಿದ್ದಳು.

ಬತೂಲಳಿಗೇ ಅಚ್ಚರಿಯಾಗುವಂತೆ, ಅವಳೂ ಸ್ವಲ್ಪ ಕಾದಳು. ಅವನಿಗಾಗಿ ಅಲ್ಲ. ಬಂದುಬಿಟ್ಟರೆ ಆ ಒಂದು ವಾಕ್ಯ ಸಾಯುತ್ತದೆ ಎಂದು. ಸ್ಟೇಡಿಯಮ್ಮಿನ ಬೆಂಚಿನಲ್ಲಿ ಅವನು ಕೂತಿದ್ದರೆ, ಬತೂಲ್ ಒಪ್ಪಲಿಲ್ಲ ಎಂದು ಯಾರು ಹೇಳಲಾದೀತು? ಶುಕ್ರವಾರ ಮಧ್ಯಾಹ್ನ ಒಬ್ಬಳಿಗೇ ಕೂಸ್‌ಕೂಸ್ ಬೇಯಿಸಿಕೊಂಡು ತಿನ್ನುವಾಗ, ಕ್ಷಮಿಸಿದೀನಿ ಎಂದದ್ದು ನಿಜವೇ ಇರಬಹುದು ಎಂದೂ ಅನಿಸಿತು. ಹದಿನೆಂಟು ವರ್ಷದಲ್ಲಿ ಬಟ್ಟೆಯ ಕಲೆಯೇ ಮಾಸುತ್ತದೆ. ತನ್ನ ಮನಸ್ಸನ್ನು ತಾನೇ ಬಿಚ್ಚಿ ನೋಡಿರಲಿಲ್ಲ, ಅಷ್ಟೆ.

ಶನಿವಾರ ಬೆಳಿಗ್ಗೆ ಕೆಲಸಕ್ಕೆ ಬಂದಾಗ ಮೇಜಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಸ್ಟೂಲು ಇದ್ದ ಜಾಗದಲ್ಲಿಯೇ ಇತ್ತು. ಹಾಜ್ಜಾ ಯಮ್ನಾ ತಲೆ ಎತ್ತದೆ ಮೀನು ಕತ್ತರಿಸುತ್ತಿದ್ದಳು.

"ಉತ್ತರ ಬಂತಾ?" ಬತೂಲಳೇ ಕೇಳಿದಳು.

ಸುಕೈನಾ ಬೂಟಿನಿಂದ ಫೋನು ತೆಗೆದಳು.

"ಬತೂಲಳ ದನಿ ಕೇಳಿ ಅತ್ತುಬಿಟ್ಟೆ. ಆದ್ರೆ ನನ್ನ ಜನರೇ, ಆ ದನೀಲಿ ಇನ್ನೂ ನೋವಿದೆ. ಅವಳ ನಾಲಿಗೆ ಕ್ಷಮಿಸಿದೆ, ಹೃದಯ ಕ್ಷಮಿಸಿಲ್ಲ. ಒಬ್ಬ ಹೆಣ್ಣಿನ ನೋವಿನ ಮೇಲೆ ಕಾಲಿಟ್ಟು ನಾನು ನಜ್ಮ್‌ನ ಬೆಂಚಲ್ಲಿ ಹೇಗೆ ಕೂರಲಿ? ನಂಗೆ ಬರೋ ಆಸೆ ಎಷ್ಟಿದೆ ಅಂತ ದೇವರಿಗೇ ಗೊತ್ತು. ಆದ್ರೆ ಅವಳ ಮನಸ್ಸು ಒಪ್ತಿಲ್ಲ. ನಾನೇನ್ ಮಾಡ್ಲಿ."

ಹಬೆಯ ಒಲೆ ಉಸ್ಸೆಂದಿತು. ಬತೂಲ್ ಕೈಗವಸು ಹಾಕಿಕೊಂಡಳು, ಕತ್ತರಿ ತೆಗೆದುಕೊಂಡಳು. ಮೊದಲ ಮೀನಿನ ತಲೆ ತೆಗೆಯುವಷ್ಟರಲ್ಲಿ ಮೇಜು ಬಾಯಿ ಬಿಟ್ಟಿತು.

"ನಾನು ಅವತ್ತೇ ಅಂದೆ, ಇಷ್ಟೇನಾ ಅಂತ" ಎಂದಳು ಇಝ್ಝಾ. "ಅಂಗಡೀಲಿ ಸೋಪು ಕೇಳಿದ ಹಂಗೆ ಹೇಳಿದ್ಲು. ಕ್ಷಮಿಸಿದೀನಿ, ಬಾ. ಯಾರು ಬರ್ತಾರೆ ಅದಕ್ಕೆ? ನನ್ನ ಬೆಕ್ಕೂ ಬರಲ್ಲ."

"ಸ್ವಲ್ಪ ಅತ್ತಿದ್ರೆ ಏನಾಗ್ತಿತ್ತು?"

"ಹೆಸರಿಗೆ ಮುಂಚೆ 'ಅಯ್ಯೋ' ಅಂತಾದ್ರೂ ಅನ್ಬೇಕಿತ್ತು. ಅಯ್ಯೋ ಮೀಲೂದ್, ಅಂತ."

"ಹಳೇದೊಂದು ನೆನಪು ಮಾಡ್ಬೇಕಿತ್ತು. ಮದುವೆ ದಿನದ್ದು ಏನಾದ್ರೂ."

"ಆಯ್ತು, ಈಗ್ಲೂ ಹೊತ್ತು ಮೀರಿಲ್ಲ" ಎಂದಳು ಹಾಜ್ಜಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೂರು ದಿನದ ಸಂತೋಷ ಕೈತಪ್ಪುತ್ತಿರುವ ಮುದುಕಿಯ ದಿಗಿಲಿತ್ತು. "ನಾಳೆ ಪಂದ್ಯ. ಬೆಂಚಲ್ಲಿ ಯಾರೂ ಇಲ್ಲ, ಆ ಮಾಲೀಸು ಮಾಡೋನು ಕೂತ್ಕೋತಾನಂತೆ. ಬತೂಲ್, ಮಧ್ಯಾಹ್ನ ಇನ್ನೊಂದ್ ಸಲ ಹೇಳು. ಮೆತ್ತಗೆ ಹೇಳು. ಮನಸ್ಸಿಟ್ಟು ಹೇಳು. ನಾನು ಪಕ್ಕದಲ್ಲೇ ಇರ್ತೀನಿ."

"ಅವನಿಗೆ ಬರೋಕೆ ಇಷ್ಟ ಇಲ್ಲ ಹಾಜ್ಜಾ."

ಮೇಜಿನ ಕೊನೆಯಿಂದ ಸುಕೈನಾ. ಎಲ್ಲರೂ ಅತ್ತ ತಿರುಗಿದರು. ಹುಡುಗಿಯ ಮುಖ ಕೆಂಪಾಗಿತ್ತು.

"ಅಲ್ಲಿ ಅವನ ಕ್ಲಬ್ಬಿನ ಪುಟದಲ್ಲೇ ಇದೆ. ಹೋದ ತಿಂಗಳು ಇನ್ನೆರಡು ವರ್ಷಕ್ಕೆ ಸಹಿ ಹಾಕಿದಾನೆ. ಫೋಟೋನೂ ಇದೆ, ನಗ್ತಿದಾನೆ. ನೋಡಿ ಬೇಕಾದ್ರೆ. ನಮ್ಮ ಕೋಚ್ ಓಡಿಹೋಗೋ ಮುಂಚೇನೇ ಸಹಿ ಆಗಿದೆ."

ಹದಿನೆಂಟು ವರ್ಷದಲ್ಲಿ ಮೊದಲ ಸಲ ಬತೂಲಳದಲ್ಲದ ಇನ್ನೊಂದು ಬಾಯಿ ಆ ಮಾತು ಹೇಳಿತ್ತು. ಫೋನು ಕೈಯಿಂದ ಕೈಗೆ ದಾಟಿ ಹಾಜ್ಜಾಳ ಮುಂದೆ ಬಂತು. ಹಾಜ್ಜಾ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ನಗುತ್ತಿದ್ದ ಮೀಲೂದನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಫೋನನ್ನು ಬೋರಲು ಹಾಕಿದಳು.

"ಸಹಿ ಹಾಕಿದ್ರೇನಾಯ್ತು? ಸಹಿ ಮುರಿಯೋ ಗಂಡಸರೇ ಇಲ್ವಾ? ನೀನು ನಿನ್ನ ಪೋರ್ಚುಗೀಸನ್ನ ತರೋಕೆ ಇಷ್ಟೆಲ್ಲ ಮಾಡ್ತಿದೀಯ ಸುಕೈನಾ, ನಂಗೆ ಗೊತ್ತಾಗಲ್ವಾ?"

"ಪೋರ್ಚುಗೀಸನ್ನ ಪಕ್ಕಕ್ಕಿಡಿ ಹಾಜ್ಜಾ! ತಾರೀಖು ನೋಡಿ!"

"ತಾರೀಖು ನೋಡೋಕೆ ನಾನೇನು ಸರ್ಕಾರಿ ಆಫೀಸಾ? ನಾನು ಅವನ ಕಾಲು ನೋಡಿದೀನಿ. ಆ ಎಡಗಾಲು ಸುಳ್ಳು ಹೇಳಲ್ಲ."

ಕೆಲವರು ತಲೆಯಾಡಿಸಿದರು. ಇಝ್ಝಾ ಮಾತ್ರ ಬೋರಲು ಬಿದ್ದ ಫೋನನ್ನು ತಿರುಗಿಸಿ ಒಮ್ಮೆ ನೋಡಿ, ಮತ್ತೆ ಬೋರಲು ಹಾಕಿದಳು. ಸುಕೈನಾ ಬತೂಲಳ ಕಡೆ ತಿರುಗಿದಳು. ಆ ನೋಟದ ಅರ್ಥ ಸ್ಪಷ್ಟವಿತ್ತು: ನೀನಾದರೂ ಹೇಳು ಖಾಲ್ತಿ. ಅವನು ಯಾವಾಗಲೂ ಹೀಗೆಯೇ ಎಂದು ಹೇಳು.

ಹೇಳಬಹುದಿತ್ತು. ಮಂಚದ ಕತೆ, ದಿಂಬಿನ ಚೀಲದ ಕತೆ, ಗೋಡೆಗೆ ತಿರುಗಿದ ಮುದುಕಿಯ ಮುಖ. ಬತೂಲ್ ಹಾಜ್ಜಾಳನ್ನು ನೋಡಿದಳು. ಶಾಲಿಲ್ಲದ ಕತ್ತು ಬೋಳಾಗಿ, ಸುಕ್ಕಾಗಿ, ಕಾಗದದ ಹಾಗಿತ್ತು. ಆ ಮುದುಕಿಗೆ ಬೇಕಾಗಿದ್ದದ್ದು ಕೋಚ್ ಅಲ್ಲ. ಮೂವತ್ತು ವರ್ಷದ ಹಿಂದೆ ಒಂದು ಎಡಗಾಲು ಅವಳನ್ನು ಸೀಟಿನಿಂದ ಎಬ್ಬಿಸಿ ನಿಲ್ಲಿಸಿತ್ತು. ಅದು ಇನ್ನೂ ಎಲ್ಲೋ ಇದೆ, ಕರೆದರೆ ಬರುತ್ತದೆ ಎಂದು ನಂಬಬೇಕಿತ್ತು. ಬರದಿದ್ದರೆ ಅದಕ್ಕೊಂದು ಕಾರಣ ಬೇಕು. ಬತೂಲ್ ಆ ಕಾರಣ. ಎಷ್ಟು ತಾರೀಖು ತೋರಿಸಿದರೂ ಬತೂಲ್ ಆ ಕಾರಣವೇ.

ಡಬ್ಬಿ ತುಂಬಿತು. ಅದನ್ನು ತಟ್ಟೆಗೆ ಸರಿಸಿ ಹೊಸದನ್ನು ಎಳೆದುಕೊಂಡಳು.

ಅವಳ ಹೃದಯ ಕ್ಷಮಿಸಿಲ್ಲ ಎಂದಿದ್ದಾನೆ. ಎಂದಿನಂತೆ ಇನ್ನೊಂದು 'ಇಲ್ಲ'ವನ್ನು ತಂದು ಅವಳೊಳಗೆ ಇಟ್ಟಿದ್ದಾನೆ. ಹಿಂದೆಲ್ಲ ಅವನು ಇಟ್ಟ 'ಇಲ್ಲ'ಗಳು ಅವಳವಾಗಿರಲಿಲ್ಲ. ಅವನ್ನು ಹೊತ್ತು ತಿರುಗಿದ್ದಷ್ಟೇ ಅವಳ ಪಾಲು. ಬತೂಲ್ ಮೀನು ಕತ್ತರಿಸುತ್ತಲೇ ತನ್ನೊಳಗೆ ಹುಡುಕಿದಳು, ಕತ್ತಲೆ ಉಗ್ರಾಣದಲ್ಲಿ ಕೈಯಾಡಿಸಿದ ಹಾಗೆ. ಮಂಗಳವಾರ ತೊಟ್ಟಿಕಟ್ಟೆಯ ಮೇಲೆ ಕೂತು ಕೊಟ್ಟ ಕ್ಷಮೆ ಎಲ್ಲಿದೆ ಎಂದು ನೋಡಿದಳು. ಸಿಗಲಿಲ್ಲ. ಆ ಜಾಗದಲ್ಲಿ ಇದ್ದದ್ದು ಒಂದು ಸಣ್ಣ, ಗಟ್ಟಿಯಾದ ಇಲ್ಲ. ಇದು ಅವನು ಇಟ್ಟದ್ದಲ್ಲ. ಅವನು ಹೇಳುವ ಮೊದಲೇ ಅಲ್ಲಿತ್ತು. ಅವಳ ಹೆಸರಿನಲ್ಲಿ, ಅವಳದೇ.

ಅವಳಿಗೆ ನಗು ಬಂತು. ಬಾಯಿಯ ಒಂದು ಮೂಲೆಯಲ್ಲಿ ಬಂದು ಅಲ್ಲಿಯೇ ಅಡಗಿತು.

"ಏನಂತೀಯ ಬತೂಲ್? ಮಧ್ಯಾಹ್ನ ಹೇಳ್ತೀಯ ತಾನೇ?" ಹಾಜ್ಜಾ ಕೇಳಿದಳು.

"ಇವತ್ತು ಗಂಟಲು ಸರಿ ಇಲ್ಲ ಹಾಜ್ಜಾ. ಇನ್ನೂ ಒಣಗಿದ ಹಂಗೆ ಬರುತ್ತೆ ದನಿ. ನಾಳೆ ಹೇಳ್ತೀನಿ."

"ನಾಳೆ ಖಂಡಿತಾನಾ?"

"ಇನ್ಶಾಲ್ಲಾ."

"ಜೇನು ಹಾಕ್ಕೊಂಡು ಬಿಸಿನೀರು ಕುಡಿ" ಎಂದಳು ಇಝ್ಝಾ. "ಥೈಮ್ ಸೊಪ್ಪು ಹಾಕಿ ಕುದಿಸು. ನಾನು ತಂದ್ಕೊಡ್ತೀನಿ ಬೇಕಾದ್ರೆ."

"ತಂದ್ಕೊಡು."

ಮೇಜು ನಿಟ್ಟುಸಿರು ಬಿಟ್ಟಿತು. ನಾಳೆ ಎಂಬುದು ಸಿಕ್ಕಿತ್ತು. ಅಷ್ಟರಿಂದ ಇವತ್ತು ದಾಟಬಹುದು. ಯಾರೋ ಮಾಲೀಸು ಮಾಡುವವನು ನಾಳೆ ತಂಡವನ್ನು ಹೇಗೆ ನಿಲ್ಲಿಸಬೇಕು ಎಂದು ಶುರು ಮಾಡಿದರು. ಅವನು ಯಾರನ್ನೂ ನಿಲ್ಲಿಸುವುದು ಬೇಡ, ಎಲ್ಲರನ್ನೂ ಮಲಗಿಸಿ ಎಣ್ಣೆ ಹಚ್ಚಲಿ, ಎದುರಾಳಿಗಳು ನೋಡಿ ಪಾಪ ಅಂದುಕೊಂಡು ಹೋಗುತ್ತಾರೆ ಎಂದು ಇನ್ನೊಬ್ಬರು. ಸುಕೈನಾ ಮಾತ್ರ ಮುಖ ಊದಿಸಿಕೊಂಡು, ಮೀನಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

"ಸುಕೈನಾ" ಎಂದಳು ಬತೂಲ್, "ಆ ಪೋರ್ಚುಗೀಸ್ ಏನೋ ವಿಡಿಯೋ ನೋಡ್ತಾನೆ ಅಂದ್ಯಲ್ಲ, ಅದೇನು ಸರಿಯಾಗಿ ಹೇಳು."

ಹುಡುಗಿ ತಲೆ ಎತ್ತಿದಳು. ಒಂದು ಗಳಿಗೆ ಅನುಮಾನಿಸಿ, ಆಮೇಲೆ ಶುರು ಮಾಡಿದಳು. ಎಡಗಡೆ ಹೇಗೆ ಖಾಲಿ ಬಿಡುತ್ತಾನೆ, ಎದುರಾಳಿಯನ್ನು ಅಲ್ಲಿಗೆ ಹೇಗೆ ಬರಮಾಡಿಕೊಳ್ಳುತ್ತಾನೆ, ಬಂದ ಮೇಲೆ ಹೇಗೆ ಬಾಗಿಲು ಹಾಕುತ್ತಾನೆ. ಬತೂಲ್ ಅರ್ಧ ಕೇಳುತ್ತಿದ್ದಳು, ಅರ್ಧ ಇಲ್ಲ. ಒಂದು ಮೀನು, ಇನ್ನೊಂದು ಮೀನು. ನಾಳೆಯೂ ಗಂಟಲು ಸರಿ ಇರುವುದಿಲ್ಲ. ನಾಡಿದ್ದೂ. ಇಝ್ಝಾ ತರುವ ಥೈಮ್ ಕಷಾಯವನ್ನು ದಿನಾ ಕುಡಿಯುವುದು, ದಿನಾ ನಾಳೆ ಎನ್ನುವುದು. ಹತ್ತು ದಿನದಲ್ಲಿ ಇವರಿಗೇ ದಣಿವಾಗಿ ಯಾರನ್ನೋ ಕರೆತರುತ್ತಾರೆ, ಇಲ್ಲವೇ ನಜ್ಮ್ ಇಳಿಯುತ್ತದೆ. ಇಳಿದರೆ ಊರು ಏನನ್ನುತ್ತದೋ ಅದನ್ನೇ ಅನ್ನಲಿ. ಬತೂಲ್ ಒಪ್ಪಲಿಲ್ಲವಂತೆ ಅನ್ನಲಿ. ಈ ಸಲ ಅದು ನಿಜವಾಗಿರುತ್ತದೆ.

ಮಂಗಳವಾರ ಕೊಟ್ಟ ಕ್ಷಮೆಯ ಮಾತನ್ನು ಅವಳು ಆ ಮೇಜಿನ ಮುಂದೆಯೇ, ಹದಿನೈದು ಹೆಂಗಸರ ನಡುವೆ, ಯಾರಿಗೂ ತಿಳಿಯದಂತೆ ಹಿಂದಕ್ಕೆ ತೆಗೆದುಕೊಂಡಳು.